ಮಾಡು ಬಿಚ್ಚಿದ ದಿನ

ಮುಹರ್ರಕ್‌ನ ಓಣಿಯಲ್ಲಿ, ಮುತ್ತಿನ ವ್ಯಾಪಾರಿಯೊಬ್ಬನ
ಹಳೇ ಮನೆಯ ಮಾಡು ಬಿಚ್ಚುತ್ತಿದ್ದೇವೆ, ಐದು ಮಂದಿ.
ಮೊದಲು ಗಾರೆ. ಅದರಡಿ ಖರ್ಜೂರದ ಗರಿಯ ಚಾಪೆ.
ಅದರಡಿ ಬಿದಿರಿನ ಸೀಳು.
ಅದರಡಿ ಎರಡು ಮಾರುದ್ದದ ಗಳಗಳು,
ಹೊಗೆ ಕುಡಿದು ಕಪ್ಪಾದವು.
ನಂಬರು ಬರೆದು ಒಂದೊಂದೇ ಇಳಿಸುವುದು ನನ್ನ ಕೆಲಸ.
ಸೀಮೆಸುಣ್ಣ ಬೆವರಿಗೆ ನೆಂದು
ಏಳು ಒಂದಾಗುತ್ತದೆ.

ಕೆಳಗಿನಿಂದ ಹಾಜಿ ಮಕ್ಕಿ ಕೂಗಿದ:
"ಈ ಗಳ ಬಂದ ಕಡೆಯವನಲ್ಲವೇನೋ ನೀನು?"
ಗಡ್ಡದ ತುದಿಯಿಂದಲೇ ದಕ್ಷಿಣ ತೋರಿಸಿದ. ಆಫ್ರಿಕ.
ಅಲ್ಲ, ಹಳಿಯಾಳದವನು.
"ಅದೆಲ್ಲಿ?"
ಹಿಂದ್.
ನನ್ನ ಕೂದಲು ನೋಡಿದ, ನಕ್ಕ.
ಹದಿಮೂರು ವರ್ಷದಿಂದ ಬಲ್ಲೆ ಈ ನಗೆ.
ಗೋವಾದ ವಿಮಾನದ ಸಾಲಲ್ಲೂ ಇದೇ,
ಪಾಸ್‌ಪೋರ್ಟು ಬೆಳಕಿಗೆ ಹಿಡಿದು ನೋಡುತ್ತಾರೆ
ಖೋಟಾ ನೋಟಿನ ಹಾಗೆ.

ನಾವು ಎಲ್ಲಿಂದ ಬಂದೆವು ಅಂದರೆ
ಅಜ್ಜಿ ಪಾಸ್ಕೋಲಿನ್ "ಕಾಡಿನಿಂದ" ಅನ್ನುತ್ತಿದ್ದಳು.
ಅದಕ್ಕೂ ಮೊದಲು?
"ಓಡಿ ಬಂದೆವು."
ಯಾರಿಂದ? ಎಲ್ಲಿಂದ?
"ಕಾಡು ಕೇಳಲಿಲ್ಲ,
ನೀನ್ಯಾಕೆ ಕೇಳ್ತಿ?"
ಹರಿದ ಸೀರೆಗಳ ಕೌದಿಗೆ ಮತ್ತೊಂದು ಹೊಲಿಗೆ ಹಾಕಿ
ಹಲ್ಲಲ್ಲಿ ದಾರ ಕಡಿಯುತ್ತಿದ್ದಳು.

ಮತ್ತಿಯ ಬುಡದಲ್ಲಿ ನಮ್ಮ ಹಿರಿಯರು:
ಒಂದು ತೆಂಗಿನಕಾಯಿ, ಅಷ್ಟೆ, ಹೆಸರಿಲ್ಲ.
ವರ್ಷಕ್ಕೊಮ್ಮೆ ಅದನ್ನು ಬದಲಿಸುತ್ತೇವೆ,
ಹಳೆಯದನ್ನು ಒಡೆದು ತಿನ್ನುತ್ತೇವೆ.
ಶಿವನೆ ಮರ ಕೊರೆದ ಡಮಾಮಿ ಬಡಿದರೆ
ಅಜ್ಜಿಯ ಮಂಡಿ ನೋವು ಅರ್ಧ ರಾತ್ರಿ ಮರೆಯುತ್ತಿತ್ತು.

ಅಜ್ಜ ಬಸ್ತ್ಯಾಂವ ಸರ್ಕಾರಿ ಡಿಪೋದಲ್ಲಿ ತೇಗ ಕೊಯ್ದ,
ನಲವತ್ತು ವರ್ಷ.
ದಿಮ್ಮಿಯ ತಲೆಗೆ ಸುತ್ತಿಗೆ ಮುದ್ರೆ ಬೀಳುವ ಸದ್ದು
ನಿದ್ದೆಯಲ್ಲೂ ಎಣಿಸುತ್ತಿದ್ದ.
ನಮ್ಮ ಮನೆಗೆ ಮಾತ್ರ ಬಾಗಿಲಿರಲಿಲ್ಲ, ತಟ್ಟಿ ಇತ್ತು.
ತೇಗದ ಒಂದು ಚಕ್ಕೆ ಒಲೆಗೆ ತಂದದ್ದಕ್ಕೆ
ಗಾರ್ಡು ಅವನನ್ನು ಮೂರು ದಿನ ಕೂರಿಸಿದ್ದ.
ಕಾಡು ನಮ್ಮನ್ನು ಅಡಗಿಸಿಟ್ಟಿತ್ತು ಸರಿ,
ಆದರೆ ಆ ಹೊತ್ತಿಗೆ ಕಾಡಿಗೇ ಒಬ್ಬ ಯಜಮಾನ ಬಂದಿದ್ದ.

ಮಧ್ಯಾಹ್ನ, ಗಳಗಳನ್ನೆಲ್ಲ ಹೊತ್ತಿದ್ದ ದೊಡ್ಡ ತೊಲೆ
ಗೋಡೆಯಿಂದ ಕಿತ್ತು ಬಂತು.
ಉಳಿ ತಾಗಿಸಿದ್ದೇ ತಡ
ಎಣ್ಣೆಗೆ ನೆಂದ ಚರ್ಮದಂಥ ವಾಸನೆ,
ಅಜ್ಜನ ಅಂಗಿಯ ವಾಸನೆ.
ತುದಿಯಲ್ಲಿ ಸವೆದ ಮುದ್ರೆ, ಒಂದು ಮುಕ್ಕೋನ,
ಒಳಗೆ ಅಕ್ಷರವೋ, ಹುಳದ ದಾರಿಯೋ.
ನಮ್ಮ ಡಿಪೋದ್ದು ಅನ್ನಲು ಬಾಯಿ ಬಂತು.
ನುಂಗಿದೆ. ಈ ಮನೆ ಅಜ್ಜನಿಗಿಂತ ಹಳೆಯದು,
ತೇಗ ಬೆಳೆಯುವುದು ಹಳಿಯಾಳದಲ್ಲಷ್ಟೇ ಅಲ್ಲ.

ಮಕ್ಕಿ ತೊಲೆಯ ಮೇಲೆ ಕೂತು ಚಹಾ ಬಗ್ಗಿಸಿದ.
"ತೊಲೆ ನಿಮ್ಮ ಹಿಂದ್‌ನದು. ಗಳ ಆ ದಡದ್ದು.
ಹಡಗು ಒಂದೇ, ಗಾಳಿ ಬೇರೆ ಬೇರೆ.
ಗಳದ ಜೊತೆ ಕೆಲವೊಮ್ಮೆ..."
ಲೋಟದೊಳಗೆ ನೋಡಿದ.
"ಜನರನ್ನೂ ತರುತ್ತಿದ್ದರು, ಎಣಿಸಿ."

ನನ್ನ ಕೈಯಲ್ಲಿ ಸೀಮೆಸುಣ್ಣವಿತ್ತು.

ಅಜ್ಜಿಯ ಆ ಪ್ರಶ್ನೆ ಇಲ್ಲಿ, ಅಂಗಳದಲ್ಲಿ,
ನಂಬರು ಹೊತ್ತು ಸಾಲಾಗಿ ಮಲಗಿತ್ತು.
ನೂರು ವರ್ಷ ಆ ದಡದ ಗಳಗಳು
ಈ ದಡದ ತೊಲೆಗೆ ತಲೆಯಿಟ್ಟು
ಒಂದು ಮನೆಯ ನೆರಳು ಹೊತ್ತಿದ್ದವು,
ಯಾರೂ ಯಾರನ್ನೂ ನೀನ್ಯಾರು ಅನ್ನದೆ.

ಬಾಂಗ್ಲಾದ ಷಫೀಕುಲ್ ಕೇಳಿದ, ಏನಾಯಿತು ಭಾಯ್, ಧೂಳಾ?
ಹೂಂ, ಧೂಳು.

ಗೆದ್ದಲು ತಿಂದ ಗಳ ಎರಡು: ಹದಿನೇಳು, ಇಪ್ಪತ್ತಾರು.
ಅವು ಕಸದ ಲಾರಿಗೆ ಹೋಗಬೇಕು.
ಹದಿನೇಳರ ಗಟ್ಟಿ ತುದಿ, ಗೇಣು ಮೇಲೆ ನಾಲ್ಕು ಬೆರಳು,
ಕೊಯ್ದು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡೆ.
ರಜೆಗೆ ಹೋಗುವಾಗ ಕಸ್ಟಮ್ಸ್‌ನವನು ಎತ್ತಿ ಹಿಡಿದು
ಇದೇನು ಅಂದರೆ,
ಡಮಾಮಿ ಬಡಿಯುವ ಕೋಲು ಅನ್ನುತ್ತೇನೆ.

ಸಂಜೆ ಮಕ್ಕಿ ಲೆಕ್ಕ ತೆಗೆದ.
"ಹದಿನೇಳು ಗಿಡ್ಡ ಆಯಿತಲ್ಲ?"
ಹುಳ, ಅಂದೆ.
ಅವನು ನನ್ನ ಚೀಲ ನೋಡಿದ,
"ದೊಡ್ಡ ಹುಳ" ಎಂದು
ಬರೆದುಕೊಂಡ.